ಕಾಡಿನ ಜೀವಿಗಳ ಮೇಲೆ ಮೆಟಾ-ಅನಾಲಿಸಿಸ್: ಬೇರೆಬೇರೆ ಸ್ಟಡಿ ಹೆಂಗೆ ಕೂಡ್ಸೋದು?

ಮಲ್ನಾಡ್_ಹುಡ್ಗಿ: ಎಂಎಸ್ಸಿ ಪ್ರಾಜೆಕ್ಟಿಗೆ, ಮರ ಕಡಿಯೋದ್ರಿಂದ ಕಾಡಿನ ಜೀವಿಗಳಿಗೆ ಏನಾಗುತ್ತೆ ಅಂತ ಮೆಟಾ-ಅನಾಲಿಸಿಸ್ (ಈಗಾಗ್ಲೇ ಆಗಿರೋ ಸ್ಟಡಿಗಳ ಫಲಿತಾಂಶ ಕೂಡ್ಸಿ ನೋಡೋದು) ಮಾಡ್ಬೇಕು ಅಂತಿದೀನಿ, ಆ ಸ್ಟಡಿಗಳಲ್ಲಿ ಒಬ್ರು ಹಕ್ಕಿ ಎಣ್ಸಿದಾರೆ ಇನ್ನೊಬ್ರು ಕಪ್ಪೆ, ಜಾಗನೂ ಬೇರೆ ವರ್ಷನೂ ಬೇರೆ, ಎಲ್ಲಾನೂ ಒಂದೇ ತಕ್ಕಡಿಗೆ ಹಾಕೋದು ಸರೀನಾ?

ಕಾಡುದಾರಿ: ನೇರವಾಗಿ ಕೂಡ್ಸಂಗಿಲ್ಲ. ಪ್ರತಿ ಸ್ಟಡಿಯಲ್ಲೂ ಮುಟ್ಟದ ಕಾಡಿಗೂ ಕಡಿದ ಕಾಡಿಗೂ ಇರೋ ವ್ಯತ್ಯಾಸನ ಎಫೆಕ್ಟ್ ಸೈಜ್ (ಎಲ್ಲಾ ಸ್ಟಡಿಗೂ ಹೋಲಿಸೋಕಾಗೋ ಒಂದೇ ಅಳತೆ) ಮಾಡ್ಕೊಂಡು ಆಮೇಲೆ ಸರಾಸರಿ ತೆಗೀಬೇಕು. 2011ರಲ್ಲಿ ನೇಚರ್ ಪತ್ರಿಕೇಲಿ ಬಂದಿದ್ದ ಮೆಟಾ-ಅನಾಲಿಸಿಸ್ ಓದಿ, ಉಷ್ಣವಲಯದ 138 ಸ್ಟಡಿಗಳಿಂದ 2,220 ಹೋಲಿಕೆ ತಗೊಂಡಿದ್ರು, ಹಳೇ ಕಾಡಿಗೆ ಬದಲಿ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳೋಕಾಗಿದ್ದು ಅದಕ್ಕೇ.

ಕಪ್ಪೆಕೂಗು: ಕಪ್ಪೆ, ಹಕ್ಕಿ ಬೇರೆಬೇರೆ ಇಟ್ಟೇ ನೋಡಿ ಮೇಡಂ. 2014ರ ಇನ್ನೊಂದು ಮೆಟಾ-ಅನಾಲಿಸಿಸ್‌ನಲ್ಲಿ ಹೆಕ್ಟೇರಿಗೆ 38 ಘನ ಮೀಟರ್ ಮರ ತೆಗೆದ್ರೆ ಸಸ್ತನಿ ಜಾತಿಗಳು ಅರ್ಧ ಆಗ್ತವೆ, ಕಪ್ಪೆಯಂಥ ಉಭಯಚರಗಳು ಅರ್ಧ ಆಗೋದು 63 ಘನ ಮೀಟರಿಗೆ ಅಂತ ಬಂತು, ಆದ್ರೆ ಹಕ್ಕಿ ಜಾತಿಗಳು ಜಾಸ್ತಿ ಆಗಿದ್ವು! ಯಾಕಂದ್ರೆ ಬಯಲಲ್ಲೂ ಬದುಕೋ ಹಕ್ಕಿಗಳು ಒಳಗೆ ಬರ್ತವೆ, ದಟ್ಟ ಕಾಡೇ ಬೇಕು ಅನ್ನೋವು ಜಾಗ ಬಿಡ್ತವೆ. ಬರೀ ಜಾತಿ ಲೆಕ್ಕ ನೋಡಿದ್ರೆ ಕಾಡು ಚೆನ್ನಾಗಿದೆ ಅನ್ಸುತ್ತೆ, ಅದೇ ನನಗೆ ಭಯ.

ಮಲ್ನಾಡ್_ಹುಡ್ಗಿ: ಹಾಗಾದ್ರೆ ಕಾಡಿಗೇ ಅಂಟ್ಕೊಂಡಿರೋ ಜಾತಿಗಳ್ನ ಬೇರೆ ಕಾಲಮ್ಮಲ್ಲಿ ಹಾಕ್ತೀನಿ, ಇವತ್ತೇ ಶೀಟ್ ತಿದ್ತೀನಿ.