ರೀಬೂಟ್ ಆದರೆ ಡೀಮನ್ ಏಳುತ್ತಿಲ್ಲ, ನೀವು ಏನು ಮಾಡಿದ್ರಿ?

ಕೇಳಿದವರು: ನಮ್ಮ ಡೀಮನ್ (ಹಿನ್ನೆಲೆಯಲ್ಲಿ ಓಡಬೇಕಾದ ಪ್ರೋಗ್ರಾಂ) ನಾವೇ ಕಮಾಂಡ್ ಕೊಟ್ಟರೆ ಫೋರ್‌ಗ್ರೌಂಡಿನಲ್ಲಿ ಸರಿಯಾಗಿ ಓಡುತ್ತದೆ. ಲಿನಕ್ಸ್ ಸರ್ವರ್ ರೀಬೂಟ್ ಆದರೆ ಏಳುವುದಿಲ್ಲ. ಅದನ್ನು ಎಬ್ಬಿಸುವುದು ಹಳೇ ಇನಿಟ್ ಸ್ಕ್ರಿಪ್ಟ್ (ಬೂಟ್ ಆಗುವಾಗ ಓಡುವ ಶೆಲ್ ಸ್ಕ್ರಿಪ್ಟ್), ಪಿಐಡಿ ಫೈಲ್ (ಪ್ರೋಸೆಸ್ ನಂಬರ್ ಬರೆದಿಡುವ ಫೈಲ್) /ವಾರ್/ರನ್ ಒಳಗಿನ ತನ್ನದೇ ಡೈರೆಕ್ಟರಿಯಲ್ಲಿ. ಸ್ಕ್ರಿಪ್ಟ್ ರಿಪೇರಿ ಮಾಡಲೋ, ಸಿಸ್ಟಮ್‌ಡಿ ಯೂನಿಟ್ (ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಕೊಡುವ ಸೆಟ್ಟಿಂಗ್ ಫೈಲ್) ಬರೆಯಲೋ?

ರಾತ್ರಿಪಾಳಿ: ಯೂನಿಟ್ ಬರೆಯಿರಿ. ನಮ್ಮಲ್ಲಿ ಹಿಂದಿನವರು ಟೈಪ್=ಫೋರ್ಕಿಂಗ್ ಹಾಕಿ ಹೋಗಿದ್ದರು, ಅಂದರೆ ಪ್ರೋಗ್ರಾಂ ತನ್ನದೊಂದು ನಕಲನ್ನು ಹಿನ್ನೆಲೆಗೆ ಬಿಟ್ಟು (ಫೋರ್ಕ್) ತಾನು ಮುಗಿಯುತ್ತದೆ ಅಂತ. ಆ ಪ್ರೋಗ್ರಾಂ ಫೋರ್ಕೇ ಆಗುತ್ತಿರಲಿಲ್ಲ. ಸಿಸ್ಟಮ್‌ಡಿ 90 ಸೆಕೆಂಡ್ ಕಾಯುವುದು, ಟೈಮ್‌ಔಟ್ ಅಂತ ಕೊಲ್ಲುವುದು, ರೀಸ್ಟಾರ್ಟ್, ಮತ್ತೆ 90 ಸೆಕೆಂಡ್. ಆ ಒಂದೂವರೆ ನಿಮಿಷ ಸರ್ವಿಸ್ ಚೆನ್ನಾಗಿಯೇ ಓಡುತ್ತಿತ್ತು, ಅದೇ ತಲೆನೋವು. ಎಲ್ಲರೂ ನೆಟ್‌ವರ್ಕ್ ತಂಡವನ್ನು ಬೈದರು. ಸುಮ್ನೆ ಒಂದು ಸ್ವಿಚ್ ಕೂಡ ಬದಲಾಯಿಸಿದರು! ಟೈಪ್=ಸಿಂಪಲ್ ಮಾಡಿದೆ, ಮುಗಿಯಿತು. ಪಿಐಡಿ ಫೈಲೇ ಬೇಡ.

ಹಳೇಶೆಲ್: ಮುಗಿಯಿತಂತೆ! ಸಿಂಪಲ್‌ನಲ್ಲಿ ಪ್ರೋಸೆಸ್ ಹುಟ್ಟಿದರೆ ಸಾಕು, ಶುರುವಾಯಿತು ಅಂತ ಲೆಕ್ಕ. ನಮ್ಮಲ್ಲಿ ಡೇಟಾಬೇಸ್ ಪೋರ್ಟ್ ತೆರೆಯುವ ಮೊದಲೇ ಉಳಿದ ಸರ್ವಿಸ್‌ಗಳು ಎದ್ದು, ಬಿದ್ದು, 10 ಸೆಕೆಂಡಿಗೆ 5 ಸಲ ಮಾತ್ರ ಎಬ್ಬಿಸುವ ಸಿಸ್ಟಮ್‌ಡಿ ಮಿತಿ ಮುಟ್ಟಿ ಕೈಚೆಲ್ಲಿದವು. ನನ್ನ ಸ್ಕ್ರಿಪ್ಟ್ ಪೋರ್ಟ್ ತೆರೆಯುವ ತನಕ ಕಾಯುತ್ತದೆ. ಪಿಐಡಿ ನಮ್ಮ ಪ್ರೋಗ್ರಾಮಿನದೇನಾ ಅಂತಲೂ ನೋಡುತ್ತದೆ. ಹಿಂದೆ ಇದ್ದ ಸ್ಕ್ರಿಪ್ಟ್ ನೋಡುತ್ತಿರಲಿಲ್ಲ. ಮೆಮೊರಿ ಸಾಲದೆ ಕರ್ನಲ್ ಡೀಮನನ್ನು ಕೊಂದಿತು, ಪಿಐಡಿ ಫೈಲ್ ಹಾಗೇ ಉಳಿಯಿತು, ಅದೇ ನಂಬರ್ ಬ್ಯಾಕಪ್‌ಗೆ ಸಿಕ್ಕಿತು. ಸ್ಟಾಪ್ ಅಂದರೆ ಸತ್ತದ್ದು ಬ್ಯಾಕಪ್. ಇಡೀ ರಾತ್ರಿಯ ಡಂಪ್ ಹೋಯಿತು.

ರಾತ್ರಿಪಾಳಿ: ಟೈಪ್=ನೋಟಿಫೈ ಇದೆ ಸ್ವಾಮಿ.

ಹಳೇಶೆಲ್: ಪ್ರೋಗ್ರಾಂ ತಾನಾಗಿ ರೆಡಿ ಅಂತ ಹೇಳಬೇಕಲ್ವಾ? ಸೋರ್ಸ್ ಕೋಡ್ ನಮ್ಮ ಕೈಯಲ್ಲಿಲ್ಲದ ಪ್ರೋಗ್ರಾಂಗೆ ನೀವು ಬಂದು ಕಲಿಸ್ತೀರಾ?

ಬಿಎಸ್‌ಡಿಯವ: ಫ್ರೀಬಿಎಸ್‌ಡಿಯಲ್ಲಿ (ಅದು ಲಿನಕ್ಸ್ ಅಲ್ಲ, ಬೇರೆ ಓಎಸ್) ಸ್ಟಾರ್ಟ್ ಸ್ಕ್ರಿಪ್ಟ್ ಅಂದರೆ ನಾಲ್ಕಾರು ವೇರಿಯಬಲ್, ಕೊನೆಗೆ ರನ್_ಆರ್‌ಸಿ_ಕಮಾಂಡ್, ಅಷ್ಟೇ. ಫೋರ್ಕ್ ಆಗದ್ದಕ್ಕೆ ಡೀಮನ್ ಅನ್ನುವ ಕಮಾಂಡೇ ಇದೆ. -ಆರ್ ಕೊಟ್ಟರೆ ಸತ್ತದ್ದನ್ನು ಮತ್ತೆ ಎಬ್ಬಿಸುತ್ತದೆ.

ರಾತ್ರಿಪಾಳಿ: ಅವರು ಕೇಳಿದ್ದು ಲಿನಕ್ಸ್ ಬಗ್ಗೆ.

ಹಳೇಶೆಲ್: 2015ರಲ್ಲಿ ಲಿನಕ್ಸ್ ಡಿಸ್ಟ್ರೋ ಡೆಬಿಯನ್ 8 ಸಿಸ್ಟಮ್‌ಡಿಗೆ ಹೋದಾಗಲೇ ಈ ಗೋಳು ಗೊತ್ತಿತ್ತು.

ರಾತ್ರಿಪಾಳಿ: ಹಾಗಾದರೆ ಸಿಸ್ಟಮ್‌ಡಿ ಇಲ್ಲದ ಡೆಬಿಯನ್, ಆ ಡೆವುವಾನ್‌ಗೆ ಹೋಗಿ.

ಹಳೇಶೆಲ್: ಅಲ್ಲೇ ಇದ್ದೇನೆ. ನಿಮ್ಮ ಹಾಗೆ ಸ್ವಿಚ್ ಬದಲಾಯಿಸಿಲ್ಲ.

ಕೇಳಿದವರು: ನನ್ನ ಡೈರೆಕ್ಟರಿ ವಿಷಯ?

ಲಾಗ್‌ಓದುಗ: /ವಾರ್/ರನ್ ಈಗ /ರನ್‌ಗೆ ಲಿಂಕ್. ಅದು ಇರುವುದು ಮೆಮೊರಿಯಲ್ಲಿ, ಪ್ರತಿ ಬೂಟ್‌ಗೂ ಖಾಲಿ. ಡೈರೆಕ್ಟರಿಯೇ ಇಲ್ಲದಿದ್ದರೆ ಪಿಐಡಿ ಎಲ್ಲಿ ಬರೆಯುತ್ತದೆ? ಯೂನಿಟ್ ಆದರೆ ರನ್‌ಟೈಮ್‌ಡೈರೆಕ್ಟರಿ= ಹಾಕಿ, ಶುರುವಾಗುವಾಗ ಸಿಸ್ಟಮ್‌ಡಿಯೇ ಡೈರೆಕ್ಟರಿ ಮಾಡುತ್ತದೆ. ಸ್ಕ್ರಿಪ್ಟ್ ಆದರೆ ಸ್ಟಾರ್ಟ್‌ಗೆ ಮುಂಚೆ ಎಂಕೆಡಿರ್ (ಡೈರೆಕ್ಟರಿ ಮಾಡುವ ಕಮಾಂಡ್), ಆಮೇಲೆ ಚೌನ್ (ಓನರ್ ಬದಲಾಯಿಸುವ ಕಮಾಂಡ್).

ಬಿಎಸ್‌ಡಿಯವ: ಎರಡು ಕಮಾಂಡ್ ಯಾಕೆ? ಇನ್‌ಸ್ಟಾಲ್ -ಡಿ ಒಂದೇ ಸಾಕು, ಓನರ್ ಕೂಡ ಅದರಲ್ಲೇ ಕೊಡಬಹುದು.