ಸೆಕ್ಯೂರಿಟಿ ಕೆಲಸಕ್ಕೆ ಹಳೇ ಕೇಸ್ ಅಡ್ಡ ಬರುತ್ತಾ?

ನಾನು ಸುರತ್ಕಲ್‌ನವನು. 2018ರಲ್ಲಿ ಬಸ್ ಸ್ಟ್ಯಾಂಡಲ್ಲಿ ಹೊಡೆದಾಟ ಆಗಿ ಐಪಿಸಿ 323ನೇ ಸೆಕ್ಷನ್ (ಹೊಡೆದು ನೋವು ಮಾಡಿದ್ದು) ಅಡಿ ಕೇಸ್ ಬಿತ್ತು. ಕೋರ್ಟಿಗೆ ಅಲೆಯುವುದು ಬೇಡ ಅಂತ ತಪ್ಪೊಪ್ಪಿಕೊಂಡು 500 ರೂಪಾಯಿ ದಂಡ ಕಟ್ಟಿದೆ. ಈಗ ಗಾರ್ಡ್ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಕೇಳಿದ್ದಾರೆ. ಲೈಸೆನ್ಸ್ ಸಿಗುತ್ತಾ?

ಉತ್ತರ 1: ಲೈಸೆನ್ಸ್ ಬೇಕಾಗುವುದು ಏಜೆನ್ಸಿಗೆ, ಗಾರ್ಡಿಗಲ್ಲ. ಆದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಕೋರ್ಟ್ ಅಪರಾಧಿ ಅಂತ ಹೇಳಿದವರನ್ನು ಗಾರ್ಡ್ ಆಗಿ ಇಟ್ಟುಕೊಳ್ಳುವ ಹಾಗಿಲ್ಲ. ಬರೀ ದಂಡ ಕಟ್ಟಿದ್ದರೂ ಅದು ಶಿಕ್ಷೆಯೇ ಮಾರಾಯ್ರೇ. ಒಂದು ದಿನದಲ್ಲಿ ಮುಗಿಯಲಿ ಅಂತ ಒಪ್ಪಿಕೊಂಡು ಬರುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ, ಬೇಜಾರಾಗುತ್ತದೆ.

ಉತ್ತರ 2: ಮೊದಲು ಕೋರ್ಟಿನಿಂದ ಆದೇಶದ ದೃಢೀಕೃತ ಪ್ರತಿ ತೆಗೆಸಿ. ಉಡುಪಿಯಲ್ಲಿ ನನ್ನ ತಮ್ಮನೂ ದಂಡ ಅಂತಲೇ ತಿಳಿದಿದ್ದ, ಕಾಗದದ ಕೊನೇ ಸಾಲಲ್ಲಿ ರಾಜಿ ಅಂತ ಇತ್ತು. ರಾಜಿಯಾದರೆ ಖುಲಾಸೆ ಆದ ಹಾಗೆ. ಪ್ರೊಬೇಷನ್ ಕಾಯ್ದೆಯಡಿ (ಶಿಕ್ಷೆ ಕೊಡದೆ ಒಳ್ಳೇ ನಡತೆ ಮೇಲೆ ಬಿಡುವುದು) ಬಿಟ್ಟಿದ್ದರೆ, ಅಪರಾಧಿ ಅಂದ ಕಾರಣಕ್ಕೆ ಬರುವ ಅನರ್ಹತೆ ತಟ್ಟುವುದಿಲ್ಲ ಅನ್ನುವ ಅದರ 12ನೇ ಸೆಕ್ಷನ್ ನಿಮ್ಮ ಪರವಾಗಿ ಉಂಟು. ಎರಡೂ ಅಲ್ಲದಿದ್ದರೆ ಮೇಲ್ಮನವಿ ಬಗ್ಗೆ ವಕೀಲರನ್ನು ಕೇಳಿ. ಫಾರ್ಮಲ್ಲಿ ಮಾತ್ರ ಸುಳ್ಳು ಬರೆಯಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಅಣ್ಣ. ಸೋಮವಾರವೇ ಕೋರ್ಟಿಗೆ ಹೋಗ್ತೇನೆ.