ಹೆಂಚು ಕೈಯಾಡಿಸಬಹುದು, ಬಿಲ್ಲಿಂಗ್ ಯಂತ್ರವನ್ನು? ‘ನಿರ್ವಹಣೆ’, ‘ನವೀಕರಣ’ಗಳ ಬಗ್ಗೆ ಒಂದು ಪ್ರಶ್ನೆ

ಬಲ್ಲವರಿಗೆ ನಮಸ್ಕಾರ.

ಶಿವಮೊಗ್ಗದ ಒಂದು ಫಾಸ್ಟ್ ಫುಡ್ ಅಂಗಡಿಯ ಕೆಲಸಗಾರರಿಗಾಗಿ ಎರಡು ಪುಟದ ಸೂಚನೆಯೊಂದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಗೆ ಆರ್ಡರ್ ಚೀಟಿ ಮುದ್ರಿಸುವ ಪ್ರಿಂಟರ್, ಯುಪಿಎಸ್ ಇವುಗಳನ್ನು ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಹೆಚ್ಚು ಯೋಚಿಸದೆ ‘ಯಂತ್ರಗಳ ನಿರ್ವಹಣೆ’ ಎಂದು ತಲೆಬರಹ ಕೊಟ್ಟೆ. ವಾರ ಕಳೆದು ಹೋಗಿ ನೋಡಿದರೆ ಸೂಚನೆ ಗೋಡೆಯ ಮೇಲಿತ್ತು, ಪ್ರಿಂಟರಿನ ಧೂಳು ಪ್ರಿಂಟರಿನ ಮೇಲೆಯೇ ಇತ್ತು. ಗಲ್ಲಾದಲ್ಲಿ ಕೂರುವ ಹುಡುಗನನ್ನು ಕೇಳಿದಾಗ, “ನಿರ್ವಹಣೆ ಅಂದ್ರೆ ನಡೆಸೋದಲ್ವಾ ಸಾರ್, ದಿನಾ ನಡೆಸ್ತಾನೇ ಇದೀವಲ್ಲ” ಎಂದ.

ಅವನ ಓದಿನಲ್ಲಿ ತಪ್ಪಿಲ್ಲ. ಕಾರ್ಯಕ್ರಮ ನಿರ್ವಹಣೆ, ಹಣಕಾಸು ನಿರ್ವಹಣೆ, ಜವಾಬ್ದಾರಿ ನಿರ್ವಹಿಸು ಎನ್ನುವಾಗಲೆಲ್ಲ ಈ ಪದಕ್ಕೆ ನಡೆಸಿಕೊಂಡು ಹೋಗುವ, ಕೊನೆ ಮುಟ್ಟಿಸುವ ಅರ್ಥವೇ ಮುಖ್ಯ. ಸಂಸ್ಕೃತ ನಾಟ್ಯಶಾಸ್ತ್ರದಲ್ಲಿ ಮುಖ, ಪ್ರತಿಮುಖ ಮೊದಲಾದ ಐದು ಸಂಧಿಗಳಲ್ಲಿ, ಅಂದರೆ ನಾಟಕದ ಕಥೆಯ ಘಟ್ಟಗಳಲ್ಲಿ, ಕೊನೆಯದಕ್ಕೆ ‘ನಿರ್ವಹಣ’ವೆಂದು ಹೆಸರಿರುವುದನ್ನು ನೆನೆದರೆ ಹುಡುಗನ ಪಕ್ಷ ಇನ್ನೂ ಬಲವಾಗುತ್ತದೆ. ಕೆಡದಂತೆ ಕಾಯುವುದೆಂಬ ಅರ್ಥ ಸರ್ಕಾರಿ ಕಡತಗಳ ‘ರಸ್ತೆ ನಿರ್ವಹಣೆ’ಯಂಥ ಕಡೆ ಇದೆಯಾದರೂ, ಅಲ್ಲಿಯೂ ಅದು ಸಾಮಾನ್ಯವಾಗಿ ‘ದುರಸ್ತಿ’ಯ ಕೈ ಹಿಡಿದುಕೊಂಡೇ ಬರುತ್ತದೆ.

ಫಾರಸಿ ಮೂಲದ ‘ದುರಸ್ತಿ’ಯೂ ಇಂಗ್ಲಿಷಿನಿಂದ ಬಂದ ‘ರಿಪೇರಿ’ಯೂ ಕೆಟ್ಟ ಮೇಲಿನ ಮಾತುಗಳು. ‘ಮರಾಮತ್ತು’ ನಮ್ಮಲ್ಲಿ ಹಳತಾಯಿತು. ನೆರೆಯ ಕೇರಳದಲ್ಲಿ ಮಾತ್ರ ಲೋಕೋಪಯೋಗಿ ಇಲಾಖೆಗೆ ಇಂದಿಗೂ ‘ಪೊದುಮರಾಮತ್ತ್’ ಎಂದೇ ಹೆಸರು. ಉಳಿದದ್ದು ‘ಸರ್ವೀಸ್’. ಎಲ್ಲರಿಗೂ ಅರ್ಥವಾಗುವ ಪದವೇ ಹೌದು, ಆದರೆ ಅದರೊಳಗೆ ಒಂದು ತೊಡಕು ಅಡಗಿದೆ: ಸರ್ವೀಸ್ ಎಂದರೆ ಹೊರಗಿನಿಂದ ಯಾರೋ ಬಂದು ಮಾಡಿಕೊಡುವುದು ಅಥವಾ ನಾವೇ ಬೈಕನ್ನು ಒಯ್ದು ಬಿಟ್ಟುಬರುವುದು. ಹಾಗೆ ಬರೆದರೆ ಅಂಗಡಿಯವರು ಬರುವವನ ದಾರಿ ಕಾಯುತ್ತಾರೆ.

ನನಗೆ ಬೇಕಾದ ಕೆಲಸವಾದರೋ ಅವರ ಕೈಯಿಂದಲೇ ಆಗಬೇಕಾದದ್ದು. ಚೀಟಿ ಮುದ್ರಿಸುವ ಥರ್ಮಲ್ ಪ್ರಿಂಟರಿನಲ್ಲಿ ಶಾಯಿಯಿಲ್ಲ. ಹೆಡ್ಡಿನ, ಅಂದರೆ ಮುದ್ರಿಸುವ ಭಾಗದ, ಸಣ್ಣ ಬಿಸಿ ಚುಕ್ಕೆಗಳು ತಾಗಿದಲ್ಲಿ ಕಾಗದದ ಲೇಪ ಕಪ್ಪಾಗುತ್ತದೆ. ಬಾಣಲೆಯಿಂದೇಳುವ ಎಣ್ಣೆಯ ಹೊಗೆಯೂ ಗೋಬಿಗೆ ಕಲಸುವ ಮೈದಾದ ಪುಡಿಯೂ ಸೇರಿ ಹೆಡ್ಡಿನ ಮೇಲೆ ತೆಳ್ಳನೆಯ ಅಂಟಾಗಿ ಕುಳಿತರೆ, ಚೀಟಿಯ ಉದ್ದಕ್ಕೂ ಒಂದು ಬಿಳಿ ಗೆರೆ ಬೀಳುತ್ತದೆ. ಆ ಗೆರೆ ಅಂಕಿಯ ಮೇಲೆಯೇ ಹಾದುಹೋದರೆ ಮೂರು ಪ್ಲೇಟೋ ಎಂಟು ಪ್ಲೇಟೋ ಎಂದು ಅಡುಗೆಯವರು ಕೂಗಿ ಕೇಳಬೇಕಾಗುತ್ತದೆ. ಸ್ವಿಚ್ ಆರಿಸಿ, ಹೆಡ್ ತಣ್ಣಗಾದ ಮೇಲೆ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲನೆ ಒರೆಸಿ, ಅದು ಆರುವವರೆಗೆ ತಡೆದರೆ ಸಾಮಾನ್ಯವಾಗಿ ಗೆರೆ ಮಾಯವಾಗುತ್ತದೆ. ರೋಲನ್ನು ತಿರುವುಮುರುವಾಗಿ ಹಾಕಿದರೆ ಚೀಟಿ ಬರೀ ಬಿಳಿಯಾಗಿ ಬರುವುದುಂಟು. ಉಗುರಿನಿಂದ ಗೀರಿದಾಗ ಕಪ್ಪು ಗೆರೆ ಮೂಡುವ ಮಗ್ಗುಲೇ ಹೆಡ್ಡಿನ ಕಡೆಗಿರಬೇಕು. ಇನ್ನು, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಬಿಲ್ಲಿನಲ್ಲಿ ಎಷ್ಟೋ ವರ್ಷ ಹಿಂದಿನ ತಾರೀಖು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕಂಪ್ಯೂಟರಿನ ಒಳಗೆ, ಕರೆಂಟಿಲ್ಲದಾಗ ಅದರ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲನ್ನು. ಇವುಗಳಲ್ಲಿ ಯಾವುದಕ್ಕೂ ರಿಪೇರಿ ಎಂಬ ದೊಡ್ಡ ಹೆಸರು ಸಲ್ಲದು.

ಈ ಬಗೆಯ ಕೆಲಸಕ್ಕೆ ನಮ್ಮ ಮಲೆನಾಡಿನಲ್ಲಿ ಒಂದು ಮಾತು ಇದ್ದೇ ಇದೆ. ಮಳೆ ಹಿಡಿಯುವ ಮೊದಲು ಮಾಡು (ಮನೆಯ ಛಾವಣಿ) ಹತ್ತಿ, ಒಡಕು ಹೆಂಚು ತೆಗೆದು ಬೇರೆಯದನ್ನಿಟ್ಟು, ಜಾರಿದ್ದನ್ನು ಸರಿಸಿ, ಸಂದಿನ ತರಗೆಲೆ ಬಳಿದು ತೆಗೆಯುವುದಕ್ಕೆ ‘ಹೆಂಚು ಕೈಯಾಡಿಸುವುದು’ ಎನ್ನುತ್ತೇವೆ. ಮಾಡು ಸೋರುತ್ತಿರಬೇಕೆಂದೇನಿಲ್ಲ, ಸೋರದಿರಲೆಂದೇ ಈ ಕೆಲಸ. ಸ್ವಚ್ಛ ಮಾಡುವುದು, ಪರೀಕ್ಷಿಸುವುದು, ಹಾಳಾದ ಬಿಡಿಭಾಗವೊಂದನ್ನು ಬದಲಿಸುವುದು ಈ ಮೂರೂ ಒಂದೇ ಕ್ರಿಯಾಪದದೊಳಗಿವೆ. ‘ವಾರಕ್ಕೊಮ್ಮೆ ಪ್ರಿಂಟರ್ ಕೈಯಾಡಿಸಿ’ ಎಂದು ಬರೆದು ಓದಿ ಹೇಳಿದೆ. ಅಡುಗೆಯವರು ನಕ್ಕುಬಿಟ್ಟರು, ಏಕೆಂದರೆ ಅವರಿಗೆ ಕೈಯಾಡಿಸುವುದೆಂದರೆ ತಳ ಹಿಡಿಯದಂತೆ ಸೌಟು ತಿರುಗಿಸುತ್ತಿರುವುದು. ಮಾಲೀಕರು ನಗಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರದಲ್ಲಿ ಹುಡುಗರು ‘ಕೈಯಾಡಿಸುವುದು’ ಅವರ ಕಿವಿಗೆ ಬೇರೆಯದೇ ಆಗಿ ಕೇಳಿಸಿತು.

‘ಜೋಪಾನ’ ಎಚ್ಚರಿಕೆಯ ಮಾತಾಯಿತೇ ಹೊರತು ಕೆಲಸದ ಮಾತಾಗಲಿಲ್ಲ. ‘ಆರೈಕೆ’ ಬಾಣಂತಿಗೂ ತೋಟಕ್ಕೂ ಸಲ್ಲುವುದರಿಂದ ಯಂತ್ರಕ್ಕೂ ಸಲ್ಲಬಹುದೆಂಬ ಆಸೆ ನನಗಿದೆ.

ಎರಡನೆಯ ತೊಡಕು ‘ನವೀಕರಣ’ದ್ದು. 2025ರ ಅಕ್ಟೋಬರ್ 14ಕ್ಕೆ, ಆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ ‘ಈ ಕಂಪ್ಯೂಟರಿಗೆ ಇನ್ನು ನವೀಕರಣವಿಲ್ಲ’ ಎಂದು ಬರೆದಿದ್ದೆ. ಮಾಲೀಕರು ಗಾಬರಿಯಾಗಿ, ಯಾವ ಆಫೀಸಿಗೆ ಹೋಗಬೇಕು, ಎಷ್ಟು ಕಟ್ಟಬೇಕು ಎಂದು ಕೇಳಿದರು. ಪರವಾನಗಿ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ ನವೀಕರಣವೆಂದರೆ ಅವಧಿ ಮುಗಿದ ಕಾಗದವನ್ನು ಮತ್ತೆ ಊರ್ಜಿತಗೊಳಿಸುವುದು. ದೇವಸ್ಥಾನದ ಸಮಿತಿಯವರಿಗೆ ಕಟ್ಟಡವನ್ನು ಹೊಸದಾಗಿಸುವುದು. ಮೊಬೈಲಿನ ಕನ್ನಡದಲ್ಲಿ ಅಪ್‌ಡೇಟ್. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುವುದರಿಂದ ಅವರ ಹಳೆಯ ಯಂತ್ರದಲ್ಲಿ ಅದು ಕೂರದು, ಯಂತ್ರವನ್ನೇ ಬದಲಿಸಬೇಕು ಎಂದು ತಿಳಿಸಲು ಅಪ್‌ಡೇಟ್, ಅಪ್‌ಗ್ರೇಡ್, ಬದಲಾವಣೆ ಮೂರನ್ನೂ ಬೇರೆಬೇರೆಯಾಗಿ ಹೇಳಬೇಕಾಯಿತು. ‘ಮೇಲ್ದರ್ಜೆಗೇರಿಸು’ ಎಂಬುದು ಶಾಲೆಗೂ ಆಸ್ಪತ್ರೆಗೂ ಹೊಂದುತ್ತದೆ, ಮೇಜಿನ ಮೇಲಿನ ಪೆಟ್ಟಿಗೆಗೆ ಅತಿಯಾಯಿತು. ಹಾರ್ಡ್‌ವೇರಿಗೂ ಸಾಫ್ಟ್‌ವೇರಿಗೂ ಇರುವ ‘ಯಂತ್ರಾಂಶ’, ‘ತಂತ್ರಾಂಶ’ಗಳ ನಡುವೆ ಕೇಳುವ ಕಿವಿಗೆ ಇರುವ ಅಂತರ ಅತ್ಯಲ್ಪ, ‘ಹಾರ್ಡ್‌ವೇರ್’ ಎಂದರೆ ನಮ್ಮೂರಿನಲ್ಲಿ ಮೊಳೆ, ಪೈಪು, ಬಣ್ಣ ಮಾರುವ ಅಂಗಡಿ.

ಸದ್ಯಕ್ಕೆ ತಲೆಬರಹವನ್ನು ‘ಕೆಡುವ ಮೊದಲೇ ಮಾಡುವ ಕೆಲಸ’ ಎಂದು ಬದಲಿಸಿದ್ದೇನೆ, ಆದರೆ ಅದು ವಿವರಣೆಯಾಯಿತೇ ವಿನಾ ಪದವಾಗಲಿಲ್ಲ. ಅಡಿಕೆ ಸುಲಿಯುವ ಯಂತ್ರ, ಅಕ್ಕಿ ಗಿರಣಿ, ಪಂಪ್‌ಸೆಟ್ ಇಟ್ಟುಕೊಂಡವರು ಈ ಬಗೆಯ ಕೆಲಸಕ್ಕೆ ಏನೆನ್ನುತ್ತಾರೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ‘ಆರೈಕೆ’ಯನ್ನು ಯಂತ್ರಕ್ಕೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಹಾಗೆಯೇ, ‘ಕೈಯಾಡಿಸು’ ಎಂಬುದಕ್ಕೆ ಹೆಂಚಿನ ಈ ಅರ್ಥ ಬಯಲುಸೀಮೆಯಲ್ಲಿಯೂ ಉಂಟೇ, ಅಥವಾ ಮಾಡು ಇಳಿಜಾರಾಗಿರುವ ನಮ್ಮ ಕಡೆಗೆ ಮಾತ್ರ ಸೀಮಿತವೇ?